ದ್ರಾಕ್ಷಿ ಅಗೇಟ್: ಗೊಂಚಲು ನಿಜ, ಅಗೇಟ್ ಅಲ್ಲ
ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಮಾಮುಜು ಪ್ರದೇಶದಲ್ಲಿ ದೊರೆಯುವ, ‘ದ್ರಾಕ್ಷಿ ಅಗೇಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ನೇರಳೆ ಕಲ್ಲಿನ ತುಂಡೊಂದನ್ನು ಆನ್‌ಲೈನ್ ಅಂಗಡಿಯಿಂದ ತರಿಸಿಕೊಂಡೆ. ವಿವರಣೆಯಲ್ಲಿದ್ದ ‘ಬೋಟ್ರಿಯಾಯ್ಡಲ್’ ಎಂಬ ವಿಶೇಷಣ ಈ ಕಲ್ಲಿಗೆ ಪೂರ್ಣವಾಗಿ ಒಪ್ಪುತ್ತದೆ. ದ್ರಾಕ್ಷಿ ಗೊಂಚಲು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಇದನ್ನು, ಹತ್ತಿರ ಹತ್ತಿರದ ಅನೇಕ ಬಿಂದುಗಳಿಂದ ಹೊರಮುಖವಾಗಿ ಬೆಳೆದ ಖನಿಜದ ಗುಂಡುಗಳು ಒಂದಕ್ಕೊಂದು ಬೆಸೆದುಕೊಂಡಾಗ ಉಂಟಾಗುವ ಮೇಲ್ಮೈಗೆ ಬಳಸುತ್ತಾರೆ. ಅದು ಆಕಾರವನ್ನು ಸೂಚಿಸುತ್ತದೆಯೇ ಹೊರತು ಖನಿಜವನ್ನಲ್ಲ, ಆದ್ದರಿಂದಲೇ ಹೆಮಟೈಟ್, ಮ್ಯಾಲಕೈಟ್‌ನಂತಹ ಬೇರೆ ಖನಿಜಗಳಿಗೂ ಸಲ್ಲುತ್ತದೆ. ‘ಅಗೇಟ್’ ಎಂಬ ಹೆಸರಿಗೆ ಮಾತ್ರ ನನ್ನ ಸ್ಪಷ್ಟ ಆಕ್ಷೇಪವಿದೆ. ಅಗೇಟಿನ ಲಕ್ಷಣವಾದ ಪಟ್ಟೆಗಳು ಇದರಲ್ಲಿಲ್ಲ. ಇದು ಕ್ಯಾಲ್ಸೆಡನಿ (ಅತಿ ಸೂಕ್ಷ್ಮ ಹರಳುಗಳಿಂದಾದ ಕ್ವಾರ್ಟ್ಜ್; ಪಟ್ಟೆಗಳಿದ್ದರೆ ಮಾತ್ರ ಅದು ಅಗೇಟ್), ಮಾರುವವರು ಹಾಗೆಂದೇ ಬರೆಯಬೇಕು. ಗುಂಡುಗಳು ಒಡೆಯದಂತೆ ಹತ್ತಿಯಲ್ಲಿ ಸುತ್ತಿ ಕಳುಹಿಸಿದ ಕಾಳಜಿ ಮೆಚ್ಚತಕ್ಕದ್ದು.