ಅಜ್ಜಿಯ ದನಿಗೊಂದು ಗೊಂಬೆ: ಹೊರದೇಶದ ಕನ್ನಡದ ಮನೆಗೆ ಟೋನಿಬಾಕ್ಸ್ ಎಷ್ಟು ಉಪಯೋಗ?

ಹೊರದೇಶದಲ್ಲಿ ಬೆಳೆಯುವ ಎರಡೂವರೆ ವರ್ಷದ ಮಗುವಿನ ದಿನವನ್ನು ಒಮ್ಮೆ ಲೆಕ್ಕ ಹಾಕಿ. ಎಚ್ಚರವಿರುವುದು ಸುಮಾರು 11-12 ಗಂಟೆ. ಏಳೆಂಟು ಗಂಟೆ ಡೇಕೇರ್‌ಗೆ ಹೋದರೆ ಮನೆಮಾತು ಕಿವಿಗೆ ಬೀಳಲು ಉಳಿಯುವುದು ಬೆಳಿಗ್ಗೆ ಒಂದು ಗಂಟೆ, ಸಂಜೆ ಮೂರು ಗಂಟೆ. ಅಪ್ಪ ಅಮ್ಮ ಬೇರೆ ಬೇರೆ ಮಾತಿನವರಾದರೆ ಕನ್ನಡದ ಪಾಲು ಅದರಲ್ಲೂ ಅರ್ಧ. ಈ ಕೊರತೆ ತುಂಬಿಸಲು ಅನೇಕರು ಟೋನಿಬಾಕ್ಸ್, ಅಂದರೆ ಮೇಲೆ ಗೊಂಬೆ ಇಟ್ಟರೆ ಕಥೆ-ಹಾಡು ಕೇಳಿಸುವ ಮಕ್ಕಳ ಪೆಟ್ಟಿಗೆ, ಕೊಳ್ಳುವ ಯೋಚನೆ ಮಾಡುತ್ತಾರೆ. ಕನ್ನಡದ ಮಟ್ಟಿಗೆ ನಮ್ಮ ತೀರ್ಮಾನ ಇದು: ಅಂಗಡಿಯಿಂದ ತಂದ ಹಾಗೇ ಇಟ್ಟರೆ ಅದರಿಂದ ಕನ್ನಡಕ್ಕೆ ಏನೂ ಲಾಭವಿಲ್ಲ. ಮನೆಯವರ ದನಿಯನ್ನು ಸರಿಯಾಗಿ ರೆಕಾರ್ಡ್ ಮಾಡಿ ತುಂಬಿ, ಮಗುವಿನ ಪಕ್ಕ ಕೂತು ಕೇಳಿದರೆ ಕೊಟ್ಟ ಹಣ ದಂಡವಾಗದು.

ವಸ್ತು ಸರಳವಾಗಿದೆ. ಪ್ರತಿ ಬದಿ ಸುಮಾರು 12 ಸೆಂಟಿಮೀಟರ್ ಇರುವ, ಬಟ್ಟೆ ಹೊದಿಸಿದ ಮೆತ್ತನೆಯ ಪೆಟ್ಟಿಗೆ. ಮೇಲೆ ಎರಡು ಕಿವಿ. ದೊಡ್ಡ ಕಿವಿ ಹಿಂಡಿದರೆ ಸದ್ದು ಹೆಚ್ಚುತ್ತದೆ, ಚಿಕ್ಕದನ್ನು ಹಿಂಡಿದರೆ ಇಳಿಯುತ್ತದೆ. ಬದಿಗೆ ತಟ್ಟಿದರೆ ಮುಂದಿನ ಅಥವಾ ಹಿಂದಿನ ಭಾಗ. ತಲೆಯ ಮೇಲೆ ಪುಟ್ಟ ಗೊಂಬೆ ಇಟ್ಟರೆ ಅಯಸ್ಕಾಂತ ಹಿಡಿದುಕೊಳ್ಳುತ್ತದೆ, ಕಥೆ ಶುರು. ಸ್ಕ್ರೀನ್ ಇಲ್ಲ. ಜರ್ಮನಿಯಲ್ಲಿ 2016ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನ ಪೆಟ್ಟಿಗೆಯ ಬಗ್ಗೆ ಇಲ್ಲಿ ಹೇಳುತ್ತಿರುವುದು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 7 ಗಂಟೆ ನಡೆಯುತ್ತದೆ. ಕಂಪನಿ ಇದನ್ನು 3 ವರ್ಷ ದಾಟಿದವರಿಗೆ ಎನ್ನುತ್ತದೆ. ಅದಕ್ಕಿಂತ ಚಿಕ್ಕ ಮಗು ಗೊಂಬೆಯನ್ನು ಮೊದಲು ಬಾಯಿಗೇ ಇಡುವುದರಿಂದ ದೊಡ್ಡವರು ಪಕ್ಕದಲ್ಲಿರಬೇಕು.

ಸಿದ್ಧ ಕಥೆ-ಹಾಡು ತುಂಬಿದ ಗೊಂಬೆಗಳು ಮುಖ್ಯವಾಗಿ ಜರ್ಮನ್, ಇಂಗ್ಲಿಷ್, ಫ್ರೆಂಚ್‌ನವು. ಮಗುವಿಗೆ ಡೇಕೇರ್‌ನಲ್ಲಿ ಧಾರಾಳವಾಗಿ ಸಿಗುವ ಭಾಷೆಯನ್ನೇ ಅವು ಮನೆಯೊಳಕ್ಕೂ ತರುತ್ತವೆ. ನಮಗೆ ಬೇಕಾದದ್ದು ಕ್ರಿಯೇಟಿವ್ ಟೋನಿ ಎಂಬ ಖಾಲಿ ಗೊಂಬೆ. ಒಂದೊಂದಕ್ಕೆ 90 ನಿಮಿಷದ ಆಡಿಯೋ ತುಂಬಬಹುದು.

ತುಂಬುವ ಮೊದಲು ಒಂದು ಮಾತು. ಪೆಟ್ಟಿಗೆಯನ್ನು ಆನ್ ಮಾಡಿಟ್ಟು ಅಡುಗೆಮನೆಗೆ ಹೋದರೆ ಮಗು ಕನ್ನಡ ಕಲಿಯುವುದಿಲ್ಲ. 2003ರಲ್ಲಿ ಮಕ್ಕಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9-10 ತಿಂಗಳ ಕೂಸುಗಳಿಗೆ 12 ಸಲ ಮ್ಯಾಂಡರಿನ್ ಕೇಳಿಸಿ ನೋಡಿದರು. ಎದುರಿಗೆ ಕೂತು ಆಡಿಸಿದವರ ಮಾತು ಕೇಳಿದ ಕೂಸುಗಳು ಆ ಭಾಷೆಯ ದನಿಭೇದವನ್ನು ಹಿಡಿದವು. ಅದೇ ಜನರನ್ನು ವಿಡಿಯೋದಲ್ಲಿ ನೋಡಿದ, ಬರೀ ಆಡಿಯೋದಲ್ಲಿ ಕೇಳಿದ ಕೂಸುಗಳು ಹಿಡಿಯಲಿಲ್ಲ. ವಿಡಿಯೋ ಕರೆಯ ಕಥೆ ಬೇರೆ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಕರೆಯಲ್ಲಿ ತಮಗೆ ಓಗೊಡುತ್ತಿದ್ದವರಿಂದ ಹೊಸ ಕ್ರಿಯಾಪದ ಕಲಿತರು, ರೆಕಾರ್ಡ್ ಆದ ವಿಡಿಯೋದಿಂದ ಕಲಿಯಲಿಲ್ಲ. ಹಾಗಾಗಿ ವಾರಕ್ಕೆರಡು ಸಲ ಅಜ್ಜಿಯ ಜೊತೆ ಕರೆ ಮಾಡುತ್ತಿದ್ದರೆ ಪೆಟ್ಟಿಗೆ ಬಂತೆಂದು ಅದನ್ನು ಕಡಿಮೆ ಮಾಡಬೇಡಿ.

ಇನ್ನು ರೆಕಾರ್ಡಿಂಗ್. ನಿಜವಾದ ಕೆಲಸವೆಲ್ಲ ಇಲ್ಲೇ. ದಿನಕ್ಕೆ ಮೂರ್ನಾಲ್ಕು ಗಂಟೆಯೇ ಸಿಗುವ ಮನೆಯಲ್ಲಿ ಕನ್ನಡ ತಾನಾಗಿಯೇ ಅಪ್ಪಣೆಯ ಭಾಷೆಯಾಗುತ್ತದೆ: ಬಾ, ಕೂತ್ಕೋ, ತಿನ್ನು, ಬೇಡ, ಮಲಗು. ಮಗುವಿಗೆ ಇವೆಲ್ಲ ಅರ್ಥವಾಗುತ್ತವೆ, ಆದರೆ ಉತ್ತರಿಸಲು ಬೇಕಾದ ರೂಪಗಳು ಕಿವಿಗೇ ಬಿದ್ದಿರುವುದಿಲ್ಲ. ‘ಬಂದೆ, ಬಂದ, ಬಂದ್ಲು, ಬಂತು, ಬಂದ್ರು’ ಕೇಳದ ಮಗು ‘ಬಂದೆ’ ಎಂದು ಎಲ್ಲಿಂದ ಹೇಳೀತು? ಆದ್ದರಿಂದ ಗೊಂಬೆಗೆ ಬಣ್ಣಗಳ ಹೆಸರಿನ ಪಟ್ಟಿ, ಅ ಆ ಇ ಈ ತುಂಬುವುದರಲ್ಲಿ ಲಾಭ ಕಡಿಮೆ. ನಿನ್ನೆ ಏನಾಯ್ತು, ಯಾರು ಬಂದ್ರು, ನಾಯಿ ಎಲ್ಲಿಂದ ಎಲ್ಲಿಗೆ ಓಡ್ತು ಎಂಬಂಥ ಪುಟ್ಟ ಘಟನೆಗಳನ್ನು ತುಂಬಿ. ‘ಮನೆಗೆ, ಮನೇಲಿ, ಮನೆಯಿಂದ’ ಮೂರೂ ಒಂದೇ ಕಥೆಯಲ್ಲಿ ಬರಲಿ.

ಪುಸ್ತಕ ನೋಡಿ ಓದುವುದು ಎಲ್ಲರೂ ಮಾಡುವ ತಪ್ಪು. ಪುಸ್ತಕದ ‘ಹೋಗುತ್ತಾನೆ, ಬರುತ್ತಿದ್ದಳು’ ಮನೆಯಲ್ಲಿ ಕೇಳುವ ‘ಹೋಗ್ತಾನೆ, ಬರ್ತಿದ್ಲು’ಗಿಂತ ದೂರ. ಎರಡರ ಮಗುವಿಗೆ ಅವೆರಡೂ ಒಂದೇ ಎಂದು ಹೊಳೆಯುವುದು ಕಷ್ಟ. ಮನೆಯಲ್ಲಿ ಆಡುವ ಕನ್ನಡ ಯಾವ ಕಡೆಯದೋ ಅದರಲ್ಲೇ ಹೇಳಿ. ಪುಸ್ತಕ ಬೇಕೇ ಬೇಕೆಂದರೆ ಚಿತ್ರ ನೋಡಿಕೊಂಡು ಬಾಯಿಮಾತಿನಲ್ಲಿ ಹೇಳಿ.

ಇನ್ನೊಂದು ಕೊರತೆ ಗೌರವದ ರೂಪಗಳದ್ದು. ಅಪ್ಪ ಅಮ್ಮ ಮಗುವಿಗೆ ‘ಬಾ’ ಎನ್ನುತ್ತಾರೆ. ಮಗು ಕೇಳಿದ್ದು ಅಷ್ಟೇ ಆದ್ದರಿಂದ ‘ತಾತ ಬಾ’ ಎನ್ನುತ್ತದೆ. ಕೆಲವು ಮನೆಗಳಲ್ಲಿ ಅದು ಸಹಜ. ಆದರೆ ಹಿರಿಯರಿಗೆ ಬಹುವಚನ ಬಳಸುವ ಮನೆಯಾದರೆ, ದೊಡ್ಡವರಿಬ್ಬರು ತಮ್ಮತಮ್ಮಲ್ಲೇ ಆಡುವ ಮಾತನ್ನು ರೆಕಾರ್ಡ್ ಮಾಡಿ: ‘ಬನ್ನಿ, ಕೂತ್ಕೊಳ್ಳಿ, ಯಾವಾಗ ಬಂದ್ರಿ?’ ತಿದ್ದಿ ಹೇಳುವುದಕ್ಕಿಂತ ಇದು ಬೇಗ ನಾಟುತ್ತದೆ.

ಪ್ರಶ್ನೆ ಕೇಳಿದ ಮೇಲೆ ಬಿಡುವು ಕೊಡಿ. ಒಂದು ಮಾದರಿ: ‘ಶೂ ಎಲ್ಲಿ?’ ನಾಲ್ಕು ಸೆಕೆಂಡ್ ಮೌನ. ‘ಬಾಗಿಲ ಹತ್ರ ನೋಡು. ಸಿಕ್ತಾ?’ ಮತ್ತೆ ನಾಲ್ಕು ಸೆಕೆಂಡ್. ‘ಒಂದು ನಿಂದು, ಇನ್ನೊಂದು ಯಾರ್ದು?’ ಮೈಕ್ ಮುಂದೆ ನಾಲ್ಕು ಸೆಕೆಂಡ್ ತುಂಬ ದೀರ್ಘ ಅನ್ನಿಸುವುದರಿಂದ ಎಲ್ಲರೂ ಒಂದೂವರೆಗೇ ಮುಂದಕ್ಕೆ ಹೋಗುತ್ತಾರೆ, ಮಗು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ಬೆರಳು ಮಡಿಸಿ ಎಣಿಸಿ. ಉತ್ತರ ‘ಹೂಂ’ನಲ್ಲೇ ಮುಗಿಯುವ ಪ್ರಶ್ನೆಗಳು ಕಡಿಮೆಯಿರಲಿ, ‘ಯಾರು, ಎಲ್ಲಿ, ಯಾವ್ದು’ ಇರಲಿ.

ದೂರದಲ್ಲಿರುವ ಅಜ್ಜಿಯ ದನಿ ತರಲು ಫೋನ್ ಕರೆಯನ್ನೇ ಸ್ಪೀಕರಿಗೆ ಹಾಕಿ ರೆಕಾರ್ಡ್ ಮಾಡಬೇಡಿ. ಹಳೆಯ ಬಗೆಯ ಫೋನ್ ಕರೆ 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ‘ಸ’ದ ಸಿಳ್ಳಿನಂಥ ಸದ್ದು ಹೆಚ್ಚಾಗಿ ಅದರಾಚೆ ಇರುವುದರಿಂದ ‘ಸ’ಗೂ ‘ಶ’ಗೂ ವ್ಯತ್ಯಾಸ ಮಸುಕಾಗುತ್ತದೆ. ದೊಡ್ಡವರು ಊಹಿಸಿಕೊಳ್ಳುತ್ತೇವೆ, ಭಾಷೆ ಕಟ್ಟಿಕೊಳ್ಳುತ್ತಿರುವ ಮಗುವಿಗೆ ಊಹೆಗೆ ಆಧಾರವಿಲ್ಲ. ಅಜ್ಜಿಯ ಫೋನಿನಲ್ಲೇ ಇರುವ ರೆಕಾರ್ಡರ್ ಆ್ಯಪ್ ತೆರೆದು, ಬಾಯಿಂದ ಒಂದು ಗೇಣು ದೂರ ಹಿಡಿದು, ಫ್ಯಾನ್ ನಿಲ್ಲಿಸಿ, ಪರದೆ ಹಾಸಿಗೆ ಇರುವ ಕೋಣೆಯಲ್ಲಿ ಮಾತಾಡಲಿ. ಖಾಲಿ ಗೋಡೆಯ ಹಾಲ್‌ನಲ್ಲಿ ದನಿ ಮಾರ್ದನಿಗೊಳ್ಳುತ್ತದೆ. ಆಮೇಲೆ ಫೈಲನ್ನು ವಾಟ್ಸಾಪ್‌ನಂಥ ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲಿ.

ಬೇರೆ ಬೇರೆ ದಿನ ಮಾಡಿದ ರೆಕಾರ್ಡಿಂಗ್‌ಗಳ ಸದ್ದು ಒಂದೇ ಸಮ ಇರುವುದಿಲ್ಲ. ಪಿಸುಮಾತಿನ ಕಥೆಗೆಂದು ಏರಿಸಿದ ವಾಲ್ಯೂಮಿಗೆ ಮುಂದಿನ ಹಾಡು ಬಂದರೆ ಮಗು ಬೆಚ್ಚುತ್ತದೆ. ಆಡಿಯೋ ತಿದ್ದಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಎಲ್ಲ ಫೈಲುಗಳನ್ನೂ ಲೌಡ್‌ನೆಸ್ ನಾರ್ಮಲೈಸೇಷನ್‌ಗೆ ಹಾಕಿ ಒಂದೇ ಮಟ್ಟಕ್ಕೆ, ಉದಾಹರಣೆಗೆ -16 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಮಟ್ಟದ ಅಳತೆ) ತಂದು, ಎಂಪಿ3 ಮಾಡಿಕೊಳ್ಳಿ. ಫ್ಯಾನಿನ ಸದ್ದು ಉಳಿದಿದ್ದರೆ, ಮಾತಿಲ್ಲದ ಒಂದೆರಡು ಸೆಕೆಂಡ್ ಆರಿಸಿ ನಾಯ್ಸ್ ಪ್ರೊಫೈಲ್ ತೆಗೆದುಕೊಂಡು ನಾಯ್ಸ್ ರಿಡಕ್ಷನ್ ಕೊಡಿ. ಅತಿಯಾದರೆ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ.

ತುಂಬುವುದು ಸುಲಭ. ಟೋನೀಸ್ ಆ್ಯಪ್‌ನಲ್ಲಿ ಕ್ರಿಯೇಟಿವ್ ಟೋನಿ ಆರಿಸಿ, ಅಲ್ಲೇ ರೆಕಾರ್ಡ್ ಮಾಡಿ ಅಥವಾ ಫೈಲ್ ಏರಿಸಿ, ಸೇವ್ ಮಾಡಿ. ಪೆಟ್ಟಿಗೆಯ ಮೇಲೆ ಗೊಂಬೆ ಇಲ್ಲದಾಗ ಒಂದು ಕಿವಿಯನ್ನು ಸುಮಾರು ಮೂರು ಸೆಕೆಂಡ್ ಹಿಂಡಿ ಹಿಡಿದರೆ ಸದ್ದು ಬರುತ್ತದೆ. ಆಗ ಗೊಂಬೆ ಇಡಿ. ನೀಲಿ ದೀಪ ಮಿಣುಕುತ್ತಿರುವಷ್ಟು ಹೊತ್ತು ಡೌನ್‌ಲೋಡ್ ನಡೆದಿರುತ್ತದೆ. ಈ ಹೆಜ್ಜೆ ಮರೆತವರಿಗೆ ಹಳೆಯ ಕಥೆಯೇ ಕೇಳುತ್ತಿರುತ್ತದೆ, ಗೊಂಬೆ ಕೆಟ್ಟಿತೆಂದು ತಿಳಿಯುತ್ತಾರೆ. ಆಡಿಯೋ ಗೊಂಬೆಯೊಳಗೆ ಇರುವುದಿಲ್ಲ. ಗೊಂಬೆಯ ಚಿಪ್ ಬರೀ ಗುರುತು, ಆಡಿಯೋ ಇಳಿದು ಕೂರುವುದು ಪೆಟ್ಟಿಗೆಯಲ್ಲಿ. ಒಮ್ಮೆ ಇಳಿದ ಮೇಲೆ ವೈಫೈ ಬೇಡ. ಈ ಪೆಟ್ಟಿಗೆಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ, ರೂಟರ್ 5 ಗಿಗಾಹರ್ಟ್ಸ್‌ಗೆ ಮಾತ್ರ ಹೊಂದಿಸಿದ್ದರೆ ಸೆಟಪ್ಪೇ ಮುಗಿಯುವುದಿಲ್ಲ. ಪ್ರಯಾಣವಿದ್ದರೆ ಹಿಂದಿನ ದಿನವೇ ಇಳಿಸಿಕೊಳ್ಳಿ. ವಾಲ್ಯೂಮಿನ ಗರಿಷ್ಠ ಮಿತಿಯನ್ನು ಆ್ಯಪ್‌ನಲ್ಲಿ ಮೊದಲ ದಿನವೇ ಇಳಿಸಿಡಿ.

90 ನಿಮಿಷ ಇದೆಯೆಂದು ಎಲ್ಲವನ್ನೂ ತುಂಬುವುದು ಸಲ್ಲದು. ಬದಿಗೆ ತಟ್ಟಿದರೆ ಸರಿಯುವುದು ಒಂದೊಂದೇ ಭಾಗ. ಮೂವತ್ತು ಭಾಗಗಳಿದ್ದರೆ ಮಗುವಿಗೆ ತನ್ನ ಇಷ್ಟದ ಕಥೆ ಸಿಗುವುದೇ ಇಲ್ಲ. ಎರಡು-ಮೂರು ನಿಮಿಷದ ಏಳೆಂಟು ಭಾಗ ಸಾಕು. ತಿಂಗಳಿಗೊಮ್ಮೆ ಎರಡನ್ನು ಮಾತ್ರ ಬದಲಿಸಿ, ಉಳಿದವು ಹಾಗೇ ಇರಲಿ. ಈ ವಯಸ್ಸಿಗೆ ಅದೇ ಕಥೆ ನಲವತ್ತನೇ ಸಲವೂ ಬೇಕು, ಬಾಯಿಗೆ ಬರುವುದೂ ಹಾಗೆಯೇ.

ಒಂದು ಗೊಂಬೆಗೆ ಮುಖ್ಯವಾಗಿ ಒಬ್ಬರ ದನಿ, ಒಂದೇ ಭಾಷೆ. ಅಪ್ಪನದು ಒಂದು ಮಾತು, ಅಮ್ಮನದು ಇನ್ನೊಂದು ಎಂದು ನಡೆಸುವ ಮನೆಗಳಲ್ಲಿ ಇದು ಚೆನ್ನಾಗಿ ಹೊಂದುತ್ತದೆ: ಅಜ್ಜಿ-ಗೊಂಬೆ ಇಟ್ಟರೆ ಕನ್ನಡ ಬರುತ್ತದೆ ಎಂದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ತುಳುವೋ ಕೊಂಕಣಿಯೋ ಆಡುವ ಅಜ್ಜನಿದ್ದರೆ ಅವರಿಗೆ ಬೇರೆ ಗೊಂಬೆ. ಮಗು ಮಾತ್ರ ಎರಡು ಭಾಷೆ ಬೆರೆಸಿ ಉತ್ತರಿಸಿದರೆ ತಡೆಯಬೇಡಿ. ಅದನ್ನೇ ಪೂರ್ತಿ ಕನ್ನಡದಲ್ಲಿ ಹೇಳಿ ಮಾತು ಮುಂದುವರಿಸಿ.

ನಾಲ್ಕು ದಾಟಿದ ಮಗುವಿಗೆ, ಗೊಂಬೆಯ ಬದಲು ಕಾರ್ಡ್ ತೂರಿಸಿ ಕೇಳುವ ಯೋಟೋ ಪ್ಲೇಯರ್ ಹೆಚ್ಚು ಒಳ್ಳೆಯದು. ಅದರ ಖಾಲಿ ಕಾರ್ಡೊಂದಕ್ಕೆ 5 ಗಂಟೆಯಷ್ಟು ಆಡಿಯೋ ಹಿಡಿಯುತ್ತದೆ, ತಿರುಗಿಸುವ ಗುಂಡಿಯಿಂದ ಬೇಕಾದ ಭಾಗ ಆರಿಸಿಕೊಳ್ಳಬಹುದು. ಆದರೆ ಕಾರ್ಡನ್ನು ಸಂದಿಗೆ ಸರಿಯಾಗಿ ತೂರಿಸಲು ಎರಡರ ಮಗುವಿನ ಬೆರಳು ಇನ್ನೂ ಪಳಗಿರುವುದಿಲ್ಲ, ಹಿಡಿದಾಡಲು ಗೊಂಬೆಯಂಥದ್ದೂ ಅಲ್ಲ. ಹಳೆಯ ಫೋನಿಗೆ ಇದೇ ಫೈಲುಗಳನ್ನು ಹಾಕಿ ಪುಟ್ಟ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿಸಿದರೂ ಕನ್ನಡ ಅದೇ. ಫೋನನ್ನು ಮಗುವಿನ ಕಣ್ಣಿಗೆ ಬೀಳದ ಕಡೆ ಇಟ್ಟರಾಯಿತು. ಮೊದಲು ಎರಡು ವಾರ ಹಾಗೆಯೇ ಕೇಳಿಸಿ. ಅಜ್ಜಿಯ ‘ಯಾರ್ದು?’ಗೆ ಮಗು ಉತ್ತರ ಕೊಡಲು ಶುರುಮಾಡಿದರೆ ಆಗ ಪೆಟ್ಟಿಗೆಯೊಂದು, ಖಾಲಿ ಗೊಂಬೆ ಎರಡು ತನ್ನಿ.