ಸ್ಕಾಟ್ಲೆಂಡಿಗೆ ಮೂರು ಕಾದಂಬರಿ, ಒಂದಕ್ಕೆ ಮಾತ್ರ ಕೊಟ್ಟ ದುಡ್ಡು ವಸೂಲಿ

ಸ್ಕಾಟ್ಲೆಂಡಿನಲ್ಲಿ ನಡೆಯುವ ಮೂರು ಕಾದಂಬರಿ ಓದಿದೆ. ಅದರಲ್ಲಿ ಯಾವುದು ಕೊಳ್ಳಲಿ ಅಂತ ಕೇಳಿದರೆ ನನ್ನ ಉತ್ತರ ಸ್ಟೀವನ್‌ಸನ್‌ನ ‘ಕಿಡ್ನ್ಯಾಪ್ಡ್’. ಹಳೇ ಪುಸ್ತಕದಂಗಡಿಯಲ್ಲಿ 120 ರೂಪಾಯಿಗೆ ಸಿಕ್ಕಿತು. ಅದು ಮೊದಲೇ ಸಿಕ್ಕಿದ್ದರೆ ಉಳಿದ ಎರಡಕ್ಕೆ ಕೈ ಹಾಕುತ್ತಿರಲಿಲ್ಲವೇನೋ.

ನಾನು ಶುರು ಮಾಡಿದ್ದು ವಾಲ್ಟರ್ ಸ್ಕಾಟ್‌ನಿಂದ. ಬೆಟ್ಟ, ಮಂಜು, ಕಿಲ್ಟ್ (ಅಲ್ಲಿನ ಗಂಡಸರ ಲಂಗ) ತೊಟ್ಟ ಬಂಡಾಯಗಾರ ಅಂತ ನಮ್ಮ ತಲೆಯಲ್ಲಿರುವ ಸ್ಕಾಟ್ಲೆಂಡ್ ಬಹುಪಾಲು ಅವನದೇ ಕೊಡುಗೆ. ಅದಕ್ಕೇ ಅವನ ಕಾದಂಬರಿ ‘ರಾಬ್ ರಾಯ್’ ಆನ್‌ಲೈನ್‌ನಲ್ಲಿ ತರಿಸಿದೆ. ಅಗ್ಗದ ಮರುಮುದ್ರಣ, 340 ರೂಪಾಯಿ. ತಪ್ಪಾಗಿದ್ದು ಅಲ್ಲೇ.

ಮೂರು ದಿನ ಓದಿದೆ. ರಾಬ್ ರಾಯ್‌ನ ಮನೆತನ, ದನದ ವ್ಯಾಪಾರ, ಸಾಲ, ಜಗಳ ಎಲ್ಲ ಬಂತು. ಕಥೆ ಯಾಕೋ ವರದಿ ಥರ ಇದೆಯಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಕಥೆಯೇ ಅಲ್ಲ! ಕಾದಂಬರಿ ಬಂದು ಎಷ್ಟೋ ವರ್ಷದ ಮೇಲೆ, 1829ರಲ್ಲಿ, ಸ್ಕಾಟ್ ಸೇರಿಸಿದ ಪೀಠಿಕೆ. ಅಚ್ಚು ಹಾಕಿದವರು ಪೀಠಿಕೆ ಎಲ್ಲಿ ಮುಗಿಯಿತು, ಮೊದಲ ಅಧ್ಯಾಯ ಎಲ್ಲಿ ಶುರು ಅಂತಲೂ ತೋರಿಸಿರಲಿಲ್ಲ.

ಕಥೆ ಶುರುವಾದ ಮೇಲೆ ಇನ್ನೊಂದು ಕಾಟ. ಆಂಡ್ರ್ಯೂ ಫೇರ್‌ಸರ್ವಿಸ್ ಅನ್ನುವ ತೋಟದ ಮಾಲಿ ಬಾಯಿ ಬಿಟ್ಟರೆ ಅಚ್ಚ ಸ್ಕಾಟ್ಸ್, ಅಂದರೆ ಸ್ಕಾಟ್ಲೆಂಡಿನ ಆಡುಮಾತು. ‘ಸ್ಪಿಯರ್’ ಅಂದರೆ ಈಟಿ ಅಂದುಕೊಂಡು ಓದಿದೆ, ಅಲ್ಲಿ ಅದು ‘ಕೇಳು’ ಅಂತ. ‘ಸಿಲ್ಲರ್’ ಅಂದರೆ ಬೆಳ್ಳಿ, ಅಂದರೆ ದುಡ್ಡು ಅಂತ ತುಂಬಾ ಹೊತ್ತಿಗೆ ಹೊಳೆಯಿತು. (ನಮ್ಮ ರೂಪಾಯಿಯ ಮೂಲವೂ ಬೆಳ್ಳಿಯೇ ಅಲ್ವಾ!) ಧಾರವಾಡದ ಮಾತು ಕಿವಿಗೇ ಬೀಳದ ಬೆಂಗಳೂರಿನವನು ಬೇಂದ್ರೆ ಪದ್ಯ ಹಿಡಿದು ಕೂತ ಹಾಗೆ. ಕೊನೆಯಲ್ಲಿ ಅರ್ಥದ ಪಟ್ಟಿ ಇದ್ದಿದ್ದರೆ ಸಾಕಿತ್ತು. ಇಲ್ಲ. ಅಡಿಟಿಪ್ಪಣಿಗಳು ಅಡಿಯಲ್ಲೂ ಇಲ್ಲ. ಮಾತಿನ ಮಧ್ಯೆಯೇ ಒಂದು ನಕ್ಷತ್ರ ಬಂದು, ಯಾವುದೋ ಕೋಟೆಯ ಇತಿಹಾಸ ಶುರುವಾಗಿ, ಮತ್ತೆ ಮಾತು ಮುಂದುವರಿಯುತ್ತಿತ್ತು. ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ. ಮೊಬೈಲಲ್ಲಿ ಅರ್ಥ ಹುಡುಕಲು ಮೂರನೇ ಕೈ ಬೇಕು.

ಸ್ಕಾಟ್‌ನದ್ದೂ ಒಂದು ತಪ್ಪಿದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್ ಬರುವುದು ಪುಸ್ತಕದ ಮೂರರಲ್ಲಿ ಎರಡು ಪಾಲು ಮುಗಿದ ಮೇಲೆ. ಆದರೆ ಗ್ಲಾಸ್ಗೋ ವ್ಯಾಪಾರಿ ನಿಕಲ್ ಜಾರ್ವಿ ಬಂದಾಗಲೆಲ್ಲ ಪುಸ್ತಕಕ್ಕೆ ಜೀವ ಬರುತ್ತದೆ, ಸುಳ್ಳು ಹೇಳಬಾರದು.

‘ಔಟ್‌ಲ್ಯಾಂಡರ್’ ಅನ್ನುವ ಎರಡನೇ ಕಾದಂಬರಿ ಬಗ್ಗೆ ಜಾಸ್ತಿ ಹೇಳಲ್ಲ. 1945ರ ನರ್ಸ್ ಕಲ್ಲಿನ ಕಂಬಗಳ ನಡುವೆ ಹಾದು 1743ಕ್ಕೆ ಬೀಳುತ್ತಾಳೆ. ಇದರ ಲೇಖಕಿ ಡಯಾನಾ ಗ್ಯಾಬಲ್ಡನ್ ಅಮೆರಿಕದವರು, ಬರೆಯಲು ಕೂತಾಗ ಸ್ಕಾಟ್ಲೆಂಡ್ ನೋಡೇ ಇರಲಿಲ್ಲ. ಹಾಗೆ ಅನ್ನಿಸುವುದಿಲ್ಲ, ಅದು ಅವರ ಗಟ್ಟಿತನ. ಆದರೆ 800 ಪುಟ ದಾಟುತ್ತದೆ, ನಿಂತುಕೊಂಡು ಹಿಡಿದರೆ ಮಣಿಕಟ್ಟು ನೋಯುತ್ತದೆ. ಪ್ರೇಮಕಥೆ ಇಷ್ಟವಿದ್ದವರು ಮನೆಯಲ್ಲಿ ಮಲಗಿ ಓದಿ.

ಇನ್ನು ‘ಕಿಡ್ನ್ಯಾಪ್ಡ್’. 1886ರಲ್ಲಿ ಹುಡುಗರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು, ಅದಕ್ಕೇ ಅಧ್ಯಾಯಗಳು ಚಿಕ್ಕವು. ಎರಡು ಸ್ಟೇಷನ್‌ಗೆ ಒಂದು. ಕಥಾನಾಯಕ ಡೇವಿಡ್ ಅನ್ನುವ ಹುಡುಗನನ್ನು ಅವನ ಜಿಪುಣ ಚಿಕ್ಕಪ್ಪ ದೀಪ ಕೊಡದೆ ರಾತ್ರಿ ಗೋಪುರದ ಮೆಟ್ಟಿಲು ಹತ್ತಿಸುತ್ತಾನೆ. ಮಿಂಚು ಹೊಡೆದಾಗ ಕಾಲ ಪಕ್ಕದಲ್ಲೇ ಪಾತಾಳ. ಹುಡುಗ ಅಂಬೆಗಾಲಿಟ್ಟು ಒಂದೊಂದೇ ಕಲ್ಲು ತಡವುತ್ತಾ ಹತ್ತುತ್ತಾನೆ. ಒಂದು ತಿರುವಿನಲ್ಲಿ ಕೈ ಚಾಚಿದರೆ ಕಲ್ಲೇ ಇಲ್ಲ. ಅದನ್ನು ಓದುತ್ತಾ ನಾನು ಇಳಿಯುವ ಸ್ಟೇಷನ್ ದಾಟಿ ಹೋಯಿತು.

ಇನ್ನೊಂದು ಜಾಗ ಎರ‍್ರೇಡ್ ದ್ವೀಪ. ಹಡಗು ಒಡೆದು ಅಲ್ಲಿ ಸಿಕ್ಕಿಬಿದ್ದ ಡೇವಿಡ್ ದಿನಗಟ್ಟಲೆ ಹಸಿ ಚಿಪ್ಪುಮೀನು ತಿಂದು, ವಾಂತಿ ಮಾಡಿಕೊಂಡು, ಮಳೆಯಲ್ಲಿ ನೆನೆಯುತ್ತಾನೆ. ದೋಣಿಯಲ್ಲಿ ಬಂದ ಮೀನುಗಾರ ಅಲ್ಲಿನ ಗೇಲಿಕ್ ಭಾಷೆಯಲ್ಲಿ ಏನೋ ಹೇಳಿ ನಗುತ್ತಾನೆ. ಅದರಲ್ಲಿ ‘ಟೈಡ್’ (ಕಡಲಿನ ಉಬ್ಬರವಿಳಿತ) ಅನ್ನುವುದೊಂದು ಅರ್ಥವಾಗುತ್ತದೆ. ನೀರಿಳಿದಾಗ ನಡೆದೇ ದಾಟಬಹುದಿತ್ತು! ಸ್ಟೀವನ್‌ಸನ್ ಮನೆತನದವರು ಲೈಟ್‌ಹೌಸ್ ಕಟ್ಟುವ ಎಂಜಿನಿಯರುಗಳು. ಒಂದು ಲೈಟ್‌ಹೌಸ್ ಕೆಲಸ ನಡೆಯುತ್ತಿದ್ದಾಗ 1870ರಲ್ಲಿ ಅವನೂ ಎರ‍್ರೇಡ್‌ನಲ್ಲಿ ಇದ್ದ. ನೋಡದವನು ಈ ಕಥೆ ಕಟ್ಟಲಾರ ಅನ್ನಿಸುತ್ತೆ. ಇದರಲ್ಲೂ ಸ್ಕಾಟ್ಸ್ ಮಾತಿದೆ, ಆದರೆ ನನ್ನ ಪ್ರತಿಯ ಕೊನೆಯಲ್ಲಿ ನಾಲ್ಕು ಪುಟ ಅರ್ಥ ಕೊಟ್ಟಿದ್ದಾರೆ.

ಇದರ ಮುಂದಿನ ಭಾಗ ‘ಕ್ಯಾಟ್ರಿಯೋನಾ’ ಹುಡುಕುತ್ತಿದ್ದೇನೆ. ಆನ್‌ಲೈನ್‌ನಲ್ಲಿ 300ಕ್ಕೆ ಇದೆ. ಆದರೆ ಒಳಗಿನ ಪುಟ ತೋರಿಸಿಲ್ಲ, ಹಾಗಾಗಿ ಹಳೇ ಅಂಗಡಿಗೇ ಹೇಳಿಟ್ಟಿದ್ದೇನೆ.