ಮೊದಲ ಟ್ರ್ಯಾಕ್ ಡೇಗೆ ಮೋಟುಲ್ ಆರ್‌ಬಿಎಫ್ 600: ಬ್ರೇಕ್ ಆಯಿಲ್‌ಗೆ ಇಷ್ಟು ದುಡ್ಡು ಬೇಕಾ?

ಬೇಕು. ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಬೆಂಗಳೂರಿನಿಂದ ಓಡಿಸಿಕೊಂಡು ಹೋಗಿ, ಸಂಜೆ ಅದೇ ಕಾರಲ್ಲಿ ಮನೆಗೆ ಬರುವವರು ಎಕ್ಸಾಸ್ಟ್, ಏರ್ ಫಿಲ್ಟರ್ ಅಂತ ಕೈ ಹಾಕುವ ಮುಂಚೆ ಬ್ರೇಕ್ ಆಯಿಲ್ ಬದಲಿಸಬೇಕು.

ಒಂದು ಟನ್ ತೂಕದ ಕಾರಿನ ವೇಗ 150ರಿಂದ 60 ಕಿ.ಮೀ.ಗೆ ಇಳಿಯಬೇಕಾದರೆ ಸುಮಾರು 7.3 ಲಕ್ಷ ಜೂಲ್ ಶಕ್ತಿ ಕಳೆಯಬೇಕು. ಅದರಲ್ಲಿ ಬಹುಪಾಲು ಡಿಸ್ಕು, ಪ್ಯಾಡುಗಳ ಕಾವಾಗುತ್ತದೆ. ಅದು ಆರುವ ಮುಂಚೆಯೇ ಮುಂದಿನ ತಿರುವು ಬಂದಿರುತ್ತದೆ, ಕಾವು ಆಯಿಲ್‌ಗೂ ಏರುತ್ತದೆ. ಮಾಮೂಲಿ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರಿನಂಶ ಹೀರಿದ ಮೇಲೆ 155 ಡಿಗ್ರಿ ಸಾಕು. ಎರಡು ಮಳೆಗಾಲ ಕಂಡ ಆಯಿಲ್ ಈ ಎರಡನೇ ಅಂಕಿಯತ್ತ ಜಾರುತ್ತಿರುತ್ತದೆ. ಆರ್‌ಬಿಎಫ್ 600 ಹೊಸದರಲ್ಲಿ 312 ಡಿಗ್ರಿ ತಡೆಯುತ್ತದೆ.

ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಪೆಡಲ್ ಒತ್ತಿದಾಗ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡು ಬಿಗಿಯುವುದಿಲ್ಲ. ಕಾಲು ಸೀದಾ ನೆಲಕ್ಕೆ. ಆದರೆ ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಕಾರು ನಿಲ್ಲುತ್ತಿಲ್ಲವೆಂದರೆ ಸೋತಿರುವುದು ಪ್ಯಾಡು. ಅದಕ್ಕೆ ಈ ಬಾಟಲಿ ಮದ್ದಲ್ಲ.

ಬಾಟಲಿಯಲ್ಲಿರುವುದು 500 ಎಂಎಲ್. ಹಳೆಯದನ್ನು ಪೂರ್ತಿ ತೆಗೆಯಲು ಎರಡು ತರಿಸಿ. ಮೊದಲು ಸಿರಿಂಜಿನಲ್ಲಿ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಹಳೆ ಆಯಿಲ್ ಎಳೆದು ಹೊಸದು ತುಂಬಿ, ಆಮೇಲೆ ಒಂದೊಂದೇ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಬ್ಲೀಡ್ ಮಾಡಬೇಕು, ಅಂದರೆ ಹಳೆ ಆಯಿಲ್ ಹೊರಹಾಕಬೇಕು. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಸರ್ವೀಸ್ ಮ್ಯಾನುಯಲ್ ನೋಡಿ ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಲಿ. ಬಿಗಿಯುವ ತನಕ ಪೆಡಲ್ ಬಿಡಕೂಡದು, ಬಿಟ್ಟರೆ ಗಾಳಿ ಒಳಗೆಳೆಯುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿಯ ಮಟ್ಟ ನೋಡಿ. ಅದು ಬರಿದಾಗಿ ಎಬಿಎಸ್ ಯೂನಿಟ್‌ಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಇರುವ ಗ್ಯಾರೇಜೇ ಗತಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಬಟ್ಟೆಯಲ್ಲಿ ಉಜ್ಜಬೇಡಿ.

ಕೊರತೆಯೂ ಇದೆ. ಮಾಮೂಲಿ ಡಾಟ್ 4ಕ್ಕಿಂತ ಬಹಳ ದುಬಾರಿ. ತೆರೆದ ಬಾಟಲಿ ಮುಂದಿನ ಸಲಕ್ಕೆಂದು ಎತ್ತಿಡುವ ಹಾಗಿಲ್ಲ, ಗಾಳಿಯ ತೇವ ಹೀರುತ್ತದೆ. ದಿನನಿತ್ಯದ ಕಾರಲ್ಲಿದ್ದರೆ ವರ್ಷಕ್ಕೊಮ್ಮೆಯಾದರೂ ಬದಲಿಸಲೇಬೇಕು. ಸಿಲಿಕೋನ್‌ನ ಡಾಟ್ 5 ಜೊತೆ ಬೆರೆಸಲೇಬಾರದು; ಡಾಟ್ 5.1 ಬೇರೆ, ಅದರ ಜೊತೆ ತೊಂದರೆಯಿಲ್ಲ.

ಇಷ್ಟಾಗಿಯೂ ಬ್ರೇಕ್ ಆರಲೆಂದು ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನ ಓಡಿಸಿ, ಪಿಟ್‌ಗೆ ಬಂದು ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಲ್ಲಿ ನಿಲ್ಲಿಸಿ. ಇನ್ನೂ ದುಬಾರಿಯ ಆರ್‌ಬಿಎಫ್ 660 ಮೊದಲ ಸಲಕ್ಕೆ ಬೇಕಿಲ್ಲ, ಆ ದುಡ್ಡು ಮುಂದಿನ ಚಕ್ರಗಳ ಪ್ಯಾಡಿಗೆ ಹಾಕಿ.